ಗಲ್ಲಾದಿಂದ ಕಂಡ ಮನುಷ್ಯ

(ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಕನ್ನಡಿಗರ ಒಂದು ಸಂಜೆ ಕೂಟದಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದು, ಅಲ್ಲಲ್ಲಿ ತಿದ್ದಿದ್ದೇನೆ.)

ಮನುಷ್ಯನ ಒಳ್ಳೆಯತನ ಮತ್ತು ಪೆದ್ದುತನದ ಮೇಲೆ ಮಾತಾಡಿ ಅಂದಿದ್ದೀರಿ. ಇಂಥ ವಿಷಯಕ್ಕೆ ಸಾಮಾನ್ಯವಾಗಿ ಸ್ವಾಮೀಜಿಗಳನ್ನು ಕರೆಯುತ್ತಾರೆ, ಇಲ್ಲವೇ ರಿಟೈರಾದ ಹೆಡ್‌ಮಾಸ್ಟರನ್ನು. ನಾನು ಎರಡೂ ಅಲ್ಲ. ನನಗಿರುವ ಅರ್ಹತೆ ಒಂದೇ: ಐದು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದೇನೆ. ಮನುಷ್ಯನನ್ನು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ದೇವಸ್ಥಾನಕ್ಕೆ ಜನ ದೇವರಿಗೆ ತೋರಿಸುವ ಮುಖ ಹಾಕಿಕೊಂಡು ಬರುತ್ತಾರೆ. ಗಲ್ಲಾದ ಮುಂದೆ ಹಾಗಲ್ಲ. ಹೊಟ್ಟೆ ತುಂಬಿದೆ, ದುಡ್ಡು ಇನ್ನೂ ಕೊಟ್ಟಿಲ್ಲ. ಆ ಅರ್ಧ ನಿಮಿಷದಲ್ಲಿ ಮನುಷ್ಯ ಪೂರ್ತಿ ಕಾಣಿಸುತ್ತಾನೆ.

1971ರಲ್ಲಿ ಕಾರ್ಕಳದ ಕಡೆಯಿಂದ ಬೊಂಬಾಯಿಗೆ ಬಂದಾಗ ನನಗೆ 14 ವರ್ಷ. ಇಲ್ಲಿ ಕೂತಿರುವ ಹಿರಿಯರಲ್ಲಿ ಅರ್ಧ ಜನರ ಕಥೆ ಇದೇ, ಹಾಗಾಗಿ ಉದ್ದ ಮಾಡುವುದಿಲ್ಲ. ಮೊದಲು ಮೋರಿಯಲ್ಲಿ, ಅಂದರೆ ಪಾತ್ರೆ ತೊಳೆಯುವ ಮೂಲೆಯಲ್ಲಿ, ಕಪ್ಪು-ಬಸಿ ತೊಳೆದೆ. ಆಮೇಲೆ ಫಡ್ಕಾ ಹಿಡಿದು ಟೇಬಲ್ ಒರೆಸಿದೆ. ಆಮೇಲೆ ಸಪ್ಲಾಯರ್. ಹಗಲು ಫೋರ್ಟಿನ ಹೋಟೆಲು, ಸಂಜೆ ಮೇಲೆ ಕನ್ನಡ ರಾತ್ರಿ ಶಾಲೆ. ಹುಡುಗನಿಗೆ ಲೆಕ್ಕ ಬರುತ್ತದೆ ಅಂತ ಗೊತ್ತಾದ ಮೇಲೆ ಧಣಿಗಳು ಗಲ್ಲಾಕ್ಕೆ ಕೂರಿಸಿದರು. ಬೆನ್ನ ಹಿಂದೆ ಹೂ ಮುಡಿಸಿದ ದೇವರ ಫೋಟೋ, ಮುಂದೆ ಬಡೇಸೋಪಿನ, ಅಂದರೆ ಸೋಂಪಿನ, ಬಟ್ಟಲು.

ನಾನು ಮೊದಲು ಕಲಿತ ಪಾಠ ಚಿಲ್ಲರೆಯದ್ದು. ಚಿಲ್ಲರೆ ಕಡಿಮೆ ಬಂದರೆ ಗಿರಾಕಿ ಮೂರು ಸಲ ಎಣಿಸುತ್ತಾನೆ, ಗಟ್ಟಿಯಾಗಿ ಎಣಿಸುತ್ತಾನೆ, ಹಿಂದೆ ನಿಂತವನಿಗೂ ಕೇಳಿಸಬೇಕು. ಜಾಸ್ತಿ ಬಂದರೆ ಅವನಿಗೆ ಗಲ್ಲಾದ ಮೇಲೆ ಪೂರ್ತಿ ನಂಬಿಕೆ ಬಂದುಬಿಡುತ್ತದೆ. ಎಣಿಸುವುದೇ ಇಲ್ಲ. ನೋಟು ಜೇಬಿಗೆ ಹೋಗುವ ಮೊದಲೇ ಕಾಲು ಫುಟ್‌ಪಾತಿಗೆ ಹೋಗಿರುತ್ತದೆ. ಇನ್ನೊಬ್ಬರು ಬರುತ್ತಿದ್ದರು, ಪಕ್ಕದ ಆಫೀಸಿನವರು. ಎರಡು ಇಡ್ಲಿಗೆ ನಾಲ್ಕು ಸಲ ಸಾಂಬಾರು. ಬಿಲ್ಲಿನಲ್ಲಿ ಐದು ಪೈಸೆ ಹೆಚ್ಚು ಹಾಕಿದ್ದೀರಿ ಅಂತ ದಿನಾ ಜಗಳ. ಜಗಳ ಗೆದ್ದ ಮೇಲೆ ಒಂದು ಮುಷ್ಟಿ ಬಡೇಸೋಪು ಬಾಯಿಗೆ, ಇನ್ನೊಂದು ಮುಷ್ಟಿ ಕಾಗದದಲ್ಲಿ ಸುತ್ತಿ ಜೇಬಿಗೆ. ಅವರು ಲಂಚ ಮುಟ್ಟದ ಮನುಷ್ಯ ಅಂತ ಆಫೀಸಿನಲ್ಲಿ ಹೆಸರಿತ್ತು. ಸುಳ್ಳಲ್ಲ, ನಿಜವಾಗಿ ಮುಟ್ಟುತ್ತಿರಲಿಲ್ಲ. ಬಡೇಸೋಪು ಲಂಚದ ಲೆಕ್ಕಕ್ಕೆ ಬರುವುದಿಲ್ಲ ಅಷ್ಟೇ.

ಈಗ ಹೇಳಬೇಕಾದ ಕಥೆಗೆ ಬರುತ್ತೇನೆ. ಒಂದು ದಿನ ಮಧ್ಯಾಹ್ನದ ಗದ್ದಲದಲ್ಲಿ ಒಬ್ಬ ಹಮಾಲನಿಗೆ ಒಂದು ರೂಪಾಯಿ ಕೊಡುವ ಬದಲು ಹತ್ತು ರೂಪಾಯಿ ನೋಟು ಕೊಟ್ಟುಬಿಟ್ಟೆ. ಆ ಕಾಲಕ್ಕೆ ಹತ್ತು ರೂಪಾಯಿ ಅಂದರೆ ಏನು ಅಂತ ನಿಮಗೆ ಗೊತ್ತು. ರಾತ್ರಿ ಲೆಕ್ಕದಲ್ಲಿ ಕಡಿಮೆ ಬಂದರೆ ನನ್ನ ಸಂಬಳದಿಂದ ಹೋಗುತ್ತದೆ. ಸಂಜೆ ನಾಲ್ಕಕ್ಕೆ ಅವನು ತಿರುಗಿ ಬಂದ, ತಲೆಯ ಮೇಲಿನ ಸಿಂಬೆಯನ್ನೂ ತೆಗೆಯದೆ ನೋಟು ಮುಂದಿಟ್ಟ. ನಾನು ಅವನನ್ನು ಮನಸ್ಸಿನಲ್ಲೇ ದೇವರ ಫೋಟೋದ ಪಕ್ಕ ಇಟ್ಟೆ.

ಒಂದು ತಿಂಗಳಾಗಿರಬೇಕು. ಅದೇ ಹಮಾಲ ಊಟ ಮಾಡಿ, ಗಲ್ಲಾದ ಮುಂದೆ ಜನ ಜಾಸ್ತಿ ಇದ್ದಾಗ, ದುಡ್ಡು ಕೊಡದೆ ಪಕ್ಕದಿಂದ ಜಾರಿಕೊಂಡ. ನಾನು ಕಣ್ಣಾರೆ ಕಂಡೆ. ಕೂಗಲು ಬಾಯಿ ಬರಲಿಲ್ಲ. ರಾತ್ರಿ ಧಣಿಗಳ ಹತ್ತಿರ ಹೇಳಿದೆ: "ಎಂಥ ಜನ ಧಣಿ, ಅವನು ಒಳ್ಳೆಯವನು ಅಂತ ತಿಳಿದಿದ್ದೆ." ಧಣಿಗಳು ನೋಟು ಎಣಿಸುತ್ತಿದ್ದರು, ತಲೆ ಎತ್ತಲಿಲ್ಲ. "ಅವತ್ತು ಅವನ ಹತ್ತಿರ ದುಡ್ಡಿತ್ತು, ಇವತ್ತು ಇರಲಿಲ್ಲ. ಮನುಷ್ಯ ಅವನೇ ಮಾರಾಯ. ಒಂದು ಊಟ ಬರೆದುಕೋ, ಹೋಟೆಲ್ ಖರ್ಚಿಗೆ" ಅಂದರು.

ನನಗೆ ಆಗ ಅರ್ಥ ಆಗಲಿಲ್ಲ. 18 ವರ್ಷದವನಿಗೆ ಲೋಕದಲ್ಲಿ ಒಳ್ಳೆಯವರು, ಕೆಟ್ಟವರು ಅಂತ ಎರಡೇ ಜಾತಿ. ಈಗ ಅನಿಸುವುದು, ನಮ್ಮ ಗುಣದಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ಒಳಗಿಲ್ಲ. ನಾವು ನಿಂತ ಜಾಗದಲ್ಲಿದೆ. ಜಾಗ ಬಿಟ್ಟು ಎರಡು ಹೆಜ್ಜೆ ಸರಿದರೆ ಗುಣ ಅಲ್ಲೇ ಉಳಿಯುತ್ತದೆ, ನಾವು ಮಾತ್ರ ಮುಂದೆ ಹೋಗಿರುತ್ತೇವೆ.

ಇದನ್ನು ಓದಿದವರೂ ಪರೀಕ್ಷೆ ಮಾಡಿ ನೋಡಿದ್ದಾರೆ. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಒಂದು ಕಾಫಿ ಕೋಣೆ. ಗಲ್ಲಾದಲ್ಲಿ ಯಾರೂ ಇಲ್ಲ. ನೀವೇ ಚಾ ಕಾಫಿ ಮಾಡಿಕೊಂಡು, ನೀವೇ ಡಬ್ಬಕ್ಕೆ ದುಡ್ಡು ಹಾಕಬೇಕು. ರೇಟಿನ ಚೀಟಿಯ ಮೇಲೆ ಒಂದು ವಾರ ಹೂವಿನ ಚಿತ್ರ, ಒಂದು ವಾರ ನಮ್ಮನ್ನೇ ದಿಟ್ಟಿಸುವ ಎರಡು ಕಣ್ಣಿನ ಚಿತ್ರ. ಕಣ್ಣಿನ ವಾರಗಳಲ್ಲಿ ಡಬ್ಬಕ್ಕೆ ಬಿದ್ದ ದುಡ್ಡು ಹೂವಿನ ವಾರದ ಹತ್ತಿರ ಹತ್ತಿರ ಮೂರು ಪಟ್ಟು. 2006ರಲ್ಲಿ ಇದು ಅಚ್ಚಾಯಿತು. ಕಾಫಿ ಕುಡಿದವರು ನಮ್ಮ ಹಮಾಲನ ಹಾಗೆ ಬಡವರಲ್ಲ, ವಿಶ್ವವಿದ್ಯಾಲಯದ ಮಂದಿ. ಕಣ್ಣು ನಿಜವಾದದ್ದೂ ಅಲ್ಲ, ಕಾಗದದ್ದು.

ಬೊಂಬಾಯಿಗೆ ಇದು ಹೊಸ ಸುದ್ದಿಯೇ? ಯಾವ ಹಳೇ ಬಿಲ್ಡಿಂಗಿನ ಮೆಟ್ಟಿಲು ಬೇಕಾದರೂ ಹತ್ತಿ ನೋಡಿ. ಪಾನ್ ಉಗಿಯುವವರ ಕಾಟಕ್ಕೆ ಗೋಡೆಯ ಮೂಲೆ ಮೂಲೆಗೆ ದೇವರ ಟೈಲ್ಸ್. ಗಣಪತಿ, ಸಾಯಿಬಾಬಾ, ಪಕ್ಕದಲ್ಲಿ ಶಿಲುಬೆ, ಅದರ ಪಕ್ಕ ಮೆಕ್ಕಾ. ಬೇರೆ ಎಲ್ಲೂ ಒಟ್ಟಿಗೆ ಕೂರದ ದೇವರುಗಳು ಉಗುಳು ತಡೆಯುವ ಡ್ಯೂಟಿಗೆ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಉಗಿಯುವವನು ಏನು ಮಾಡುತ್ತಾನೆ? ದೇವರ ಮೇಲೆ ಉಗಿಯುವುದಿಲ್ಲ, ಭಕ್ತಿವಂತ. ಒಂದು ಮೆಟ್ಟಿಲು ಹತ್ತಿ ಟೈಲ್ಸ್ ಇಲ್ಲದ ಜಾಗ ನೋಡಿ ಉಗಿಯುತ್ತಾನೆ. ಅವನ ಭಕ್ತಿಯ ಅಗಲ ಒಂಬತ್ತು ಇಂಚು. ಇನ್ನೊಂದು ಮಾತು, ಆ ಕಣ್ಣಿನ ಪರೀಕ್ಷೆಯನ್ನು ಆಮೇಲೆ ಬೇರೆಯವರು ಮಾಡಿದಾಗ ಎಲ್ಲ ಕಡೆ ಹಾಗೇ ಬರಲಿಲ್ಲ. ನಮ್ಮ ಬಿಲ್ಡಿಂಗಿನಲ್ಲೂ ಆರು ತಿಂಗಳಿಗೆ ಗಣಪತಿಗೆ ಕೆಂಪು ಕಲೆ ಬಂತು. ಕಣ್ಣಿನ ಮುಂದೆ ಹೇಗಿರಬೇಕು ಅಂತ ಅಭ್ಯಾಸ ಆಗುವುದಕ್ಕಿಂತ ಬೇಗ, ಕಣ್ಣೇ ಅಭ್ಯಾಸ ಆಗಿಬಿಡುತ್ತದೆ.

ರೈಲಿಗೆ ಬರೋಣ. ಡೊಂಬಿವಲಿಯವರ ಮುಂದೆ ರೈಲಿನ ಬಗ್ಗೆ ಮಾತಾಡುವುದು ಅಂದರೆ ಮೀನಿಗೆ ಈಜು ಕಲಿಸಿದ ಹಾಗೆ. ನೀವು ಸೀಟು ಸಿಗಲಿ ಅಂತ ಮೊದಲು ಉಲ್ಟಾ ದಿಕ್ಕಿನ ಕಲ್ಯಾಣ ಸ್ಟೇಷನ್ನಿಗೆ ಹೋಗಿ, ಅದೇ ಗಾಡಿಯಲ್ಲಿ ಕೂತು ತಿರುಗಿ ಬರುವ ಜನ. ಗುರಿ ಮುಟ್ಟಲು ಹಿಂದಕ್ಕೆ ಹೋಗಬೇಕು ಅಂತ ಯಾವ ವೇದಾಂತಿಯೂ ಹೇಳಿಲ್ಲ, ಸೆಂಟ್ರಲ್ ರೈಲ್ವೆ ಕಲಿಸಿದೆ.

ನಾನು ಹೇಳುವುದು ನಾಲ್ಕನೇ ಸೀಟಿನ ವಿಷಯ ಮಾತ್ರ. ಬೆಂಚು ಮೂರು ಜನರದ್ದು. ನಾಲ್ಕನೆಯವನು ಅರ್ಧ ಕುಂಡೆ ಊರಿ, ಒಂದು ಕಾಲು ದಾರಿಯಲ್ಲಿಟ್ಟು ಕೂರುತ್ತಾನೆ. ಅವನ ಮಾತು ಕೇಳಿ. "ಸ್ವಲ್ಪ ಸರೀರಿ ಸಾಹೇಬ್ರೆ, ಎಲ್ಲರೂ ದುಡಿಯುವವರೇ." ಏನು ಸಮಾನತೆ, ಏನು ಬಂಧುತ್ವ! ಥಾಣೆಯಲ್ಲಿ ಕಿಟಕಿಯವನು ಎದ್ದ ಅಂತ ಇಟ್ಟುಕೊಳ್ಳಿ. ನಮ್ಮವನು ಮೂರನೇ ಸೀಟಿಗೆ ಜರುಗಿದ. ಮುಲುಂಡಿನಲ್ಲಿ ಒಬ್ಬ ಬಂದು "ಸ್ವಲ್ಪ ಸರೀರಿ" ಅಂದ. ನಮ್ಮವನು ಕಾಲು ಅಗಲ ಮಾಡಿ, "ಇದು ಮೂರು ಜನರ ಸೀಟು ಕಣ್ರೀ" ಅಂತಾನೆ. ಒಂದು ಸ್ಟೇಷನ್ನಿನಲ್ಲಿ ಕ್ರಾಂತಿಕಾರಿ ಕಾಯಿದೆ ಪಂಡಿತ ಆದ. ಅವನು ಮೋಸಗಾರ ಅಲ್ಲ. ಎರಡೂ ಸಲ ಮನಸಾರೆ ಹೇಳಿದ್ದು. ಅದೇ ನನಗೆ ಆಶ್ಚರ್ಯ.

ಒಳ್ಳೆಯ ಉಪನ್ಯಾಸಕ್ಕೆ ಒಂದು ಅಮೆರಿಕ ಬೇಕು ಅಂತಾರೆ, ಹಾಗಾಗಿ ಪ್ರಿನ್ಸ್‌ಟನ್ನಿಗೆ ಹೋಗೋಣ. ಅಲ್ಲಿ ಡಾರ್ಲಿ, ಬ್ಯಾಟ್ಸನ್ ಅಂತ ಇಬ್ಬರು ಮನಃಶಾಸ್ತ್ರದವರು. ಅವರು ಪರೀಕ್ಷೆಗೆ ಆರಿಸಿದ್ದು ಪಾದ್ರಿಯಾಗಲು ಓದುತ್ತಿದ್ದ ಹುಡುಗರನ್ನು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಬೇಕು. ಅರ್ಧ ಜನರಿಗೆ ಕೊಟ್ಟ ವಿಷಯ ಬೈಬಲ್ಲಿನ ಸಮಾರಿಯದವನ ಕಥೆ. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ದೊಡ್ಡವರೆಲ್ಲ ದಾಟಿ ಹೋದರು, ಯಾರೂ ಲೆಕ್ಕಕ್ಕಿಡದ ಒಬ್ಬ ನಿಂತು ಎತ್ತಿಕೊಂಡ, ಆ ಕಥೆ. ಕೆಲವರಿಗೆ "ತಡ ಆಗಿದೆ, ಓಡಿ" ಅಂದರು. ಕೆಲವರಿಗೆ "ಸರಿಯಾಗಿ ಹೊತ್ತಿದೆ" ಅಂದರು. ಕೆಲವರಿಗೆ "ಇನ್ನೂ ಸಮಯ ಇದೆ, ಆದರೂ ಹೊರಡಿ" ಅಂದರು. ದಾರಿಯ ಓಣಿಯಲ್ಲಿ ಬಾಗಿಲ ಹತ್ತಿರ ಒಬ್ಬನನ್ನು ಕೆಮ್ಮುತ್ತಾ ನರಳುತ್ತಾ ಬೀಳಿಸಿದ್ದರು, ಅವನು ಅವರದೇ ಆಳು.

ಸಮಯ ಇದ್ದವರಲ್ಲಿ ನೂರಕ್ಕೆ 63 ಜನ ನಿಂತು ವಿಚಾರಿಸಿದರು. ಸರಿಯಾಗಿ ಹೊತ್ತಿದ್ದವರಲ್ಲಿ 45. ತಡ ಆದವರಲ್ಲಿ 10. ಭಾಷಣದ ವಿಷಯ ಯಾವುದು ಅನ್ನುವುದರಿಂದ ಹೇಳಿಕೊಳ್ಳುವ ವ್ಯತ್ಯಾಸ ಆಗಲಿಲ್ಲ. ದಯೆಯ ಮೇಲೆ ಭಾಷಣ ಮಾಡಲು ಓಡುತ್ತಿದ್ದ ಹುಡುಗರಲ್ಲಿ ಕೆಲವರು ನರಳುವವನನ್ನು ದಾಟಿಕೊಂಡೇ ಹೋದರಂತೆ. ಇದು 1973ರಲ್ಲಿ ಬಂದ ಬರಹ. ನನ್ನ ಮಗಳು ಕಾಲೇಜಿನಲ್ಲಿ ಓದುವಾಗ ಹೇಳಿದಳು. ಕೇಳಿ ನನಗೆ ನೆನಪಾದದ್ದು ಪ್ರಿನ್ಸ್‌ಟನ್ ಅಲ್ಲ, ಸಂಜೆ ಆರೂವರೆಯ ದಾದರ್ ಸ್ಟೇಷನ್ನಿನ ಸೇತುವೆ. ಅಲ್ಲಿ ಲಕ್ಷಗಟ್ಟಲೆ ಜನ ದಿನಾ ಎರಡು ಹೊತ್ತು ಈ ಪರೀಕ್ಷೆಗೆ ಕೂರುತ್ತಾರೆ. ಎಲ್ಲರಿಗೂ ತಡ ಆಗಿರುತ್ತದೆ.

ಹಾಗಾದರೆ ಈ ಊರಿನ ಜನ ಕೆಟ್ಟವರಾ? ಇಲ್ಲಿ ನಿಮಗೆಲ್ಲ ಗೊತ್ತಿರುವ ಒಂದು ದಿನ ನೆನಪು ಮಾಡುತ್ತೇನೆ. 2005ರ ಜುಲೈ 26. ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ನಾನು ಆಗ ಬಾಂದ್ರಾದ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಸಂಜೆ ಹೊರಟವನು ಗೋರೆಗಾಂವಿನ ಮನೆ ಮುಟ್ಟುವಾಗ ರಾತ್ರಿ ಎರಡು ದಾಟಿತ್ತು. ಸೊಂಟದ ತನಕ ನೀರು. ಗೊತ್ತಿಲ್ಲದವನ ಕೈ ಹಿಡಿದು, ಅವನು ಇನ್ನೊಬ್ಬನ ಕೈ ಹಿಡಿದು, ಸರಪಳಿಯ ಹಾಗೆ ನಡೆದೆವು. ಹೆದ್ದಾರಿ ಪಕ್ಕದ ಝೋಪಡಪಟ್ಟಿಯವರು, ಅವರ ಮನೆಯೊಳಗೇ ನೀರು, ರಸ್ತೆಗೆ ಬಂದು ನಿಂತು ಚಾ ಕೊಟ್ಟರು, ಬಿಸ್ಕೆಟ್ ಕೊಟ್ಟರು. ದುಡ್ಡು ಕೊಡಲು ಹೋದರೆ ಬೈದರು. ಎಷ್ಟೋ ಜೀವ ಹೋದ ದಿನ ಅದು, ಅದನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಬೆಳಗ್ಗೆ ನಾಲ್ಕನೇ ಸೀಟಿಗೆ ಕೈ ಕೈ ಮಿಲಾಯಿಸಿದ್ದ ಅದೇ ಜನ ರಾತ್ರಿ ಹೀಗಿದ್ದರು.

ಮುಂಬೈಯ ಚೈತನ್ಯ ಅಂತ ಪೇಪರಿನವರು ಬರೆದರು. ನನ್ನ ಅಂದಾಜು ಬೇರೆ. ಅವತ್ತು ಯಾರಿಗೂ ತಡ ಆಗುವ ಪ್ರಶ್ನೆಯೇ ಇರಲಿಲ್ಲ. ಗಾಡಿ ಇಲ್ಲ, ಬಸ್ಸಿಲ್ಲ, ಫೋನು ಸತ್ತಿದೆ. ಹಿಡಿಯಬೇಕಾದ 6.42ರ ಲೋಕಲ್ಲೇ ಇಲ್ಲದ ಮೇಲೆ ಮನುಷ್ಯ ಪಕ್ಕದವನ ಮುಖ ನೋಡುತ್ತಾನೆ.

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯವರ ಕಥೆ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಗ್ರೌಂಡ್ ಫ್ಲೋರಿನವರು ಮೆಟ್ಟಿಲ ಕೆಳಗೆ ಚಪ್ಪಲಿ ಸ್ಟ್ಯಾಂಡ್ ಇಟ್ಟರು ಅಂತ ಎರಡು ವರ್ಷ ಬಿಲ್ಡಿಂಗಿನ ಹೌಸಿಂಗ್ ಸೊಸೈಟಿಗೆ ಅರ್ಜಿ ಬರೆದವರು ಅವರು. ಆ ರಾತ್ರಿ ಗ್ರೌಂಡ್ ಫ್ಲೋರಿಗೆ ನೀರು ನುಗ್ಗಿದಾಗ, ಇದೇ ಮನುಷ್ಯ ಇಳಿದು ಹೋಗಿ ಅವರ ಮುದುಕಿ ತಾಯಿಯನ್ನು ಬೆನ್ನ ಮೇಲೆ ಹೊತ್ತು ತಂದರು. ಆರು ಜನರನ್ನು ಎರಡು ರಾತ್ರಿ ಮನೆಯಲ್ಲಿ ಇಟ್ಟುಕೊಂಡರು, ತಾವು ಗಂಡ ಹೆಂಡತಿ ಅಡುಗೆಮನೆಯಲ್ಲಿ ಮಲಗಿದರು. ನಾವೆಲ್ಲ ಕಣ್ಣೀರು ಹಾಕಿದೆವು. ಆಗಸ್ಟ್ 15ರಂದು ಧ್ವಜ ಏರಿಸಿ, ಜಿಲೇಬಿ ತಿಂದು, ಕೈ ಒರೆಸಿಕೊಂಡು ಅವರು ಸೆಕ್ರೆಟರಿಗೆ ಹೇಳಿದ್ದು: "ಆ ಚಪ್ಪಲಿ ಸ್ಟ್ಯಾಂಡ್ ಮತ್ತೆ ಇಟ್ಟಿದ್ದಾರೆ, ನೋಡಿದಿರಾ?"

ಸೊಸೈಟಿ ಅಂದ ಮೇಲೆ ಜನರಲ್ ಬಾಡಿ ಮೀಟಿಂಗ್ ಬಿಡುವ ಹಾಗಿಲ್ಲ. ಕಾಯಿದೆ ಪ್ರಕಾರ ಸೆಪ್ಟೆಂಬರ್ 30ರೊಳಗೆ ವರ್ಷದ ಸಭೆ ಆಗಬೇಕು. ಕೋರಂ, ಅಂದರೆ ಸಭೆಗೆ ಬೇಕಾದಷ್ಟು ಜನ, ಆಗದಿದ್ದರೆ ಅರ್ಧ ಗಂಟೆ ಕಾದು ಮುಂದೂಡಬೇಕು. ಮುಂದೂಡಿದ ಸಭೆಗೆ ಕೋರಂ ಬೇಡ. ಹಾಗಾಗಿ ನೋಟಿಸಿನಲ್ಲೇ ಎರಡೂ ಸಮಯ ಬರೆದಿರುತ್ತಾರೆ, ಮೊದಲನೆಯದು ಕಾಯಿದೆಗೆ, ಎರಡನೆಯದು ಮನುಷ್ಯರಿಗೆ. ನಮ್ಮಲ್ಲಿ ಒಬ್ಬರು ಖಜಾಂಚಿ ಇದ್ದರು. ಮೇಂಟೆನೆನ್ಸ್ ಬಾಕಿ ಇಟ್ಟವರಿಗೆ ವರ್ಷಕ್ಕೆ 21 ಪರ್ಸೆಂಟ್ ತನಕ ಬಡ್ಡಿ ಹಾಕಲು ಆಗ ನಿಯಮದಲ್ಲಿ ಅವಕಾಶ ಇತ್ತು. ಇವರು ಪೂರ್ತಿ 21 ಹಾಕಿಸಿದರು. "ಶಿಸ್ತು ಬೇಕು, ಅಯ್ಯೋ ಪಾಪ ಅಂದರೆ ಸೊಸೈಟಿ ನಡೆಯುವುದಿಲ್ಲ" ಅಂತ ಭಾಷಣ. ನಾಲ್ಕು ವರ್ಷ ಬಿಟ್ಟು ಅವರ ಫ್ಯಾಕ್ಟರಿ ಮುಚ್ಚಿತು, ನೋಟಿಸ್ ಬೋರ್ಡಿನ ಬಾಕಿದಾರರ ಪಟ್ಟಿಯಲ್ಲಿ ಅವರದೇ ಹೆಸರು. ಆ ವರ್ಷದ ಸಭೆಯಲ್ಲಿ ಮಾನವೀಯತೆಯ ಮೇಲೆ ಅವರು ಮಾತಾಡಿದ್ದನ್ನು ನೀವು ಕೇಳಬೇಕಿತ್ತು. ನಾನು ಇಲ್ಲಿ ಮಾತಾಡುತ್ತಿರುವುದಕ್ಕಿಂತ ಚೆನ್ನಾಗಿತ್ತು. ಬಡ್ಡಿ ಅರ್ಧಕ್ಕೆ ಇಳಿಸಲು ಗೊತ್ತುವಳಿ ಆಯಿತು. ವಿರೋಧಿಸಿದವರು ಇಬ್ಬರೇ, ಇಬ್ಬರೂ ಹಿಂದೆ ಅವರಿಗೆ 21 ಕಟ್ಟಿದವರು.

ಇಷ್ಟು ಹೊತ್ತು ಗುಣದ ಮಾತಾಯಿತು. ಪೆದ್ದುತನಕ್ಕೆ ಜಾಸ್ತಿ ಹೊತ್ತು ಬೇಕಾಗಿಲ್ಲ, ಅದು ನಮಗೆ ತಾನಾಗಿ ಬರುತ್ತದೆ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ 1995ರಲ್ಲಿ ಒಬ್ಬ ಹಗಲು ಹೊತ್ತು ಎರಡು ಬ್ಯಾಂಕ್ ದೋಚಿದ. ಮುಖಕ್ಕೆ ಬಟ್ಟೆ ಇಲ್ಲ, ಏನಿಲ್ಲ. ಕ್ಯಾಮೆರಾದಲ್ಲಿ ಚಂದವಾಗಿ ಬಂದ. ಪೊಲೀಸರು ಹಿಡಿದಾಗ ಅವನಿಗೇ ಆಶ್ಚರ್ಯ: "ನಾನು ರಸ ಹಚ್ಚಿಕೊಂಡಿದ್ದೆನಲ್ಲ!" ನಿಂಬೆರಸದಲ್ಲಿ ಬರೆದ ಅಕ್ಷರ ಕಾಣಿಸುವುದಿಲ್ಲ ಅಲ್ವಾ, ಹಾಗೆ ಮುಖಕ್ಕೆ ಹಚ್ಚಿದರೆ ಮುಖವೂ ಕಾಣಿಸುವುದಿಲ್ಲ ಅಂತ ಅವನ ಲೆಕ್ಕ. ಈ ಸುದ್ದಿಯಿಂದ ಹೊರಟ ಯೋಚನೆಯ ಮೇಲೆ ಡನ್ನಿಂಗ್, ಕ್ರೂಗರ್ ಅನ್ನುವವರು 1999ರಲ್ಲಿ ಒಂದು ಹೆಸರಾಂತ ಲೇಖನ ಬರೆದರು. ಕೆಲಸ ಬಾರದವನಿಗೆ ತನಗೆ ಬಾರದು ಅಂತ ತಿಳಿಯುವ ಬುದ್ಧಿಯೂ ಕಡಿಮೆ ಅನ್ನುವುದು ಅದರ ಸಾರ.

ನಾವು ನಗುತ್ತೇವೆ. ಆದರೆ ನಿಂಬೆರಸ ಹಚ್ಚದ ಮುಖ ಈ ಸಭೆಯಲ್ಲಿ ಎಷ್ಟಿದೆ? "ತಪ್ಪು ತಿಳ್ಕೋಬೇಡಿ" ಅನ್ನುವುದು ಒಂದು ನಿಂಬೆರಸ. ಅದನ್ನು ಮೊದಲು ಹಚ್ಚಿಕೊಂಡರೆ ಆಮೇಲೆ ಏನು ಬೇಕಾದರೂ ಅನ್ನಬಹುದು. "ಸುಮ್ನೆ ಕೇಳಿದೆ" ಇನ್ನೊಂದು. ಮಗನಿಗೆ ಎಷ್ಟು ಸಂಬಳ, ಸೊಸೆ ಯಾವ ಜಾತಿ, ಫ್ಲ್ಯಾಟಿಗೆ ಎಷ್ಟು ಕೊಟ್ಟಿರಿ, ಎಲ್ಲ ಕೇಳಿದ ಮೇಲೆ "ಸುಮ್ನೆ ಕೇಳಿದೆ." ನಮ್ಮ ಸಂಘಗಳ ನಿಂಬೆರಸ "ನನಗೆ ಸನ್ಮಾನ ಬೇಡವೇ ಬೇಡ, ನಿಮ್ಮ ಒತ್ತಾಯಕ್ಕೆ" ಅನ್ನುವುದು. ಹೀಗೆ ಹೇಳಿದವರೊಬ್ಬರು ತಮ್ಮ ಅಳಿಯನನ್ನೇ ಫೋಟೋ ತೆಗೆಯಲು ಕರೆದುಕೊಂಡು ಬಂದಿದ್ದರು. ಶಾಲು ಹೊದಿಸುವಾಗ ಫ್ಲ್ಯಾಶ್ ಬೀಳಲಿಲ್ಲ ಅಂತ ಎರಡನೇ ಸಲ ಹೊದಿಸಿಕೊಂಡರು.

ಅವರನ್ನು ಆಡಿಕೊಂಡು ನಾನು ಪಾರಾಗುವ ಹಾಗಿಲ್ಲ. ನನ್ನ ಹತ್ತಿರ 17 ಶಾಲು ಇದೆ. ಇತ್ತು ಅನ್ನಬೇಕು. ಮನೆಯವಳು ಕಪಾಟು ತುಂಬಿತು ಅಂದಾಗ ಒಂದಷ್ಟನ್ನು ಲಾಂಡ್ರಿಗೆ ಕೊಟ್ಟು, ಇನ್ನೊಂದು ಸಂಘದ ಸ್ನೇಹಿತರಿಗೆ "ಯಾರಿಗಾದರೂ ಆಗುತ್ತದೆ" ಅಂತ ಕೊಟ್ಟೆ. ದಾನ ಅಂತ ಮನಸ್ಸಿನಲ್ಲಿ ಬರೆದುಕೊಂಡೆ. ಎರಡು ವರ್ಷದ ಮೇಲೆ ಬೇರೆ ಕಡೆ ನನಗೆ ಸನ್ಮಾನ. ಶಾಲು ಹೊದಿಸಿದರು. ಮನೆಗೆ ಬಂದು ಮಡಚುವಾಗ ಮೂಲೆಯಲ್ಲಿ ನಮ್ಮ ಲಾಂಡ್ರಿಯವನ ಗುರುತು, ನಮ್ಮದೇ ಫ್ಲ್ಯಾಟ್ ನಂಬರ್. "ಕೊಟ್ಟದ್ದು ತಿರುಗಿ ಬರುತ್ತದೆ ಅಂತ ಹಿರಿಯರು ಹೇಳಿದ್ದು ಇದನ್ನೇನಾ?" ಅಂತ ಮನೆಯವಳು ಕೇಳಿದಳು. ಇವತ್ತು ನೀವು ಹೊದಿಸಿದ ಶಾಲನ್ನೂ ಒಮ್ಮೆ ತಿರುಗಿಸಿ ನೋಡಿದ್ದೇನೆ. ಹೊಸದು, ತೊಂದರೆಯಿಲ್ಲ.

ಒಂದು ವಿಷಯ ಬಾಕಿ ಇದೆ. ಹೇಳಬೇಕೋ ಬೇಡವೋ ಅಂತ ಇಷ್ಟು ಹೊತ್ತು ನೋಡುತ್ತಿದ್ದೆ.

ಇವತ್ತು ಇಲ್ಲಿಗೆ ಬರಲು ಗೋರೆಗಾಂವಿನಿಂದ ಹೊರಟು ದಾದರಿನಲ್ಲಿ ಗಾಡಿ ಬದಲಿಸಬೇಕಿತ್ತು. ಐದೂವರೆಗೆ ಸರಿಯಾಗಿ ಶುರು ಮಾಡುತ್ತೇವೆ ಅಂತ ನಿಮ್ಮ ಕಾರ್ಯದರ್ಶಿಗಳು ಬೆಳಗ್ಗಿನಿಂದ ಮೂರು ಸಲ ಫೋನ್ ಮಾಡಿದ್ದರು. ದಾದರ್ ಸೇತುವೆಯ ಮೇಲೆ ಒಬ್ಬ ಅಜ್ಜಿ ಗೋಡೆ ಹಿಡಿದು ನಿಂತಿದ್ದರು. ಕೈಯಲ್ಲಿ ಒಂದು ಚೀಟಿ. ನನ್ನ ಮುಖ ನೋಡಿ, ಚೀಟಿ ಮುಂದೆ ಮಾಡಿ ಮರಾಠಿಯಲ್ಲಿ ಏನೋ ಕೇಳಿದರು. ಚೀಟಿಯಲ್ಲಿ ಪ್ಲಾಟ್‌ಫಾರ್ಮ್ 4, ಕಲ್ಯಾಣ ಅಂತ ಇತ್ತು, ಅದು ಕಣ್ಣಿಗೆ ಬಿತ್ತು. ನಿಮಗೆ ಗೊತ್ತು, 2023ರ ಡಿಸೆಂಬರಿನಲ್ಲಿ ಸೆಂಟ್ರಲ್ ರೈಲ್ವೆ ಕಡೆಯ ಪ್ಲಾಟ್‌ಫಾರ್ಮುಗಳಿಗೆಲ್ಲ 8ರಿಂದ 14 ಅಂತ ಹೊಸ ನಂಬರ್ ಹಾಕಿದರು. ಅಜ್ಜಿಯ ಚೀಟಿಯಲ್ಲಿ ಇದ್ದದ್ದು ಹಳೇ ನಂಬರ್. ಈಗಿನ 4 ವೆಸ್ಟರ್ನ್ ರೈಲ್ವೆ ಕಡೆಗಿದೆ. ಅಲ್ಲಿ ರಾತ್ರಿ ತನಕ ನಿಂತರೂ ಕಲ್ಯಾಣದ ಗಾಡಿ ಬರುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಹೇಳಲು ಒಂದು ನಿಮಿಷ ಸಾಕಿತ್ತು. ನನ್ನ ಗಾಡಿಯೂ ಅದೇ ಕಡೆಯದು, ಜೊತೆಗೇ ಕರೆದುಕೊಂಡು ಹೋಗಬಹುದಿತ್ತು.

ನಾನು ಗಡಿಯಾರ ನೋಡಿದೆ, ಕೈಯಿಂದ ಸುಮ್ಮನೆ ಮುಂದಕ್ಕೆ ತೋರಿಸಿ ಮೆಟ್ಟಿಲು ಇಳಿದೆ. ಒಳ್ಳೆಯತನದ ಮೇಲೆ ಭಾಷಣ ಇತ್ತು, ತಡ ಆಗುತ್ತಿತ್ತು.

ಗಾಡಿ ಸಿಕ್ಕಿತು. ನಾಲ್ಕನೇ ಸೀಟೂ ಸಿಕ್ಕಿತು. ಐದೂವರೆಗೆ ಐದು ನಿಮಿಷ ಇರುವಾಗ ಬೆವರು ಒರೆಸಿಕೊಂಡು ಇಲ್ಲಿ ಬಂದು ಕೂತೆ. ಮುಖ್ಯ ಅತಿಥಿಗಳು ಇನ್ನೂ ಬಂದಿಲ್ಲ ಅಂತ ನೀವು ಆರೂಕಾಲಿಗೆ ಶುರು ಮಾಡಿದಿರಿ.